ಎರಡು ಲೀಟರೋ, ಮೂರು ಲೀಟರೋ? ಹಳೆಯ ಐಷಾರಾಮಿ ಡೀಸೆಲ್ ಎಸ್‌ಯುವಿ ಕೊಳ್ಳುವವರ ಪ್ರಶ್ನೆಗಳು

ಸೆಕೆಂಡ್ ಹ್ಯಾಂಡ್ ಡೀಸೆಲ್ ಎಸ್‌ಯುವಿಯಲ್ಲಿ ದೊಡ್ಡ ಎಂಜಿನ್ ತೆಗೆದುಕೊಳ್ಳಬೇಕೋ ಚಿಕ್ಕದು ಸಾಕೋ ಎಂದು ಕೇಳಿ ಈ ತಿಂಗಳು ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: 2016ರ ಮರ್ಸಿಡಿಸ್ ಜಿಎಲ್‌ಇ ಎರಡು ಗಾಡಿ ನೋಡಿದ್ದೇನೆ. 250ಡಿ 62,000 ಕಿ.ಮೀ. ಓಡಿದೆ, 350ಡಿ 88,000 ಕಿ.ಮೀ. ಓಡಿದೆ. ಹೇಳುತ್ತಿರುವ ಬೆಲೆ ಒಂದೇ. ವಾರಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಿ ಬರುತ್ತೇನೆ, ಆಗಾಗ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೂ ಹೋಗುತ್ತೇವೆ. ವರ್ಷಕ್ಕೆ ಸುಮಾರು 18,000 ಕಿ.ಮೀ. ಯಾವುದು ಒಳ್ಳೆಯದು? (ಓದುಗರು, ತುಮಕೂರು)

ಎರಡಕ್ಕೂ ಒಂದೇ ಬಾಡಿ, ಒಂದೇ ಒಂಬತ್ತು ಗೇರಿನ ಆಟೊಮ್ಯಾಟಿಕ್. ಎರಡರಲ್ಲೂ ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುತ್ತದೆ. ಬೇರೆಯಾಗುವುದು ಎಂಜಿನ್ ಮಾತ್ರ. 250ಡಿಯಲ್ಲಿರುವುದು ಒಎಂ 651: ನಾಲ್ಕು ಸಿಲಿಂಡರ್, 2143 ಸಿಸಿ, ಒಂದು ಚಿಕ್ಕದು ಒಂದು ದೊಡ್ಡದು ಹೀಗೆ ಎರಡು ಟರ್ಬೊ, 204 ಅಶ್ವಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್. 350ಡಿಯಲ್ಲಿರುವುದು ಒಎಂ 642: ವಿ6, 2987 ಸಿಸಿ, ಒಂದೇ ಟರ್ಬೊ, 258 ಅಶ್ವಶಕ್ತಿ, 620 ನ್ಯೂಟನ್ ಮೀಟರ್. ಎರಡು ಟನ್ನಿಗೂ ಮೀರಿದ ಗಾಡಿಯಲ್ಲಿ ಈ ಅಂತರ ಕಾಲಿಗೆ ಗೊತ್ತಾಗುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಶಿರಾಡಿ ಹತ್ತುವಾಗ ಲಾರಿಯೊಂದನ್ನು ಹಿಂದೆ ಹಾಕಬೇಕಾದರೆ 350ಡಿ ಸದ್ದಿಲ್ಲದೆ ಮುಂದೆ ಹೋಗುತ್ತದೆ. 250ಡಿ ಒಂದೆರಡು ಗೇರ್ ಇಳಿಸಿ, ಕೂಗಿಕೊಂಡು ಅದೇ ಕೆಲಸ ಮಾಡುತ್ತದೆ. ಅದಕ್ಕೆ ಶಕ್ತಿ ಸಾಲದು ಎನ್ನುವಂತಿಲ್ಲ, ಆದರೆ ವಿ6ನ ನಯ ಅದರಲ್ಲಿಲ್ಲ.

ಡೀಸೆಲ್ ಖರ್ಚಿನ ಅಂತರ ಜನ ಹೆದರುವಷ್ಟು ದೊಡ್ಡದಲ್ಲ. ಹೆದ್ದಾರಿ, ನಗರ ಎರಡೂ ಸೇರಿ ಚಿಕ್ಕದು ಲೀಟರಿಗೆ 12, ದೊಡ್ಡದು 10.5 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. 18,000 ಕಿ.ಮೀ.ಗೆ ಒಂದಕ್ಕೆ 1500 ಲೀಟರ್ ಬೇಕು, ಇನ್ನೊಂದಕ್ಕೆ 1714 ಲೀಟರ್. ಲೀಟರಿಗೆ 91 ರೂ. ಹಿಡಿದರೆ ವರ್ಷಕ್ಕೆ 20,000 ರೂ. ಒಳಗೇ ಮುಗಿಯಿತು. ಇಂಥ ಗಾಡಿಯ ಮೂರು ಟೈರಿನ ಬೆಲೆಯೂ ಅದಕ್ಕಿಂತ ಹೆಚ್ಚು. ಆದ್ದರಿಂದ ಮೈಲೇಜಿಗಾಗಿ 250ಡಿ ತೆಗೆದುಕೊಳ್ಳಿ ಎಂದು ನಾವು ಹೇಳುವುದಿಲ್ಲ.

ಹೇಳುವುದಾದರೆ ರಿಪೇರಿಯ ಕಾರಣಕ್ಕೆ ಹೇಳಬೇಕು. ಒಎಂ 642ರಲ್ಲಿ ಆಯಿಲ್ ಕೂಲರ್ ಇರುವುದು ಎರಡು ಸಾಲು ಸಿಲಿಂಡರ್‌ಗಳ ನಡುವಿನ ತಗ್ಗಿನಲ್ಲಿ, ಟರ್ಬೊ ಮತ್ತು ಇನ್‌ಟೇಕ್ ಮ್ಯಾನಿಫೋಲ್ಡ್‌ಗಳ ಅಡಿಯಲ್ಲಿ. ಅದರ ಎರಡು ರಬ್ಬರ್ ಸೀಲುಗಳು ವರ್ಷಾನುಗಟ್ಟಲೆ ಬಿಸಿ ತಿಂದು ಗಟ್ಟಿಯಾಗುತ್ತವೆ, ಆಗ ಎಣ್ಣೆ ಜಿನುಗುತ್ತದೆ. ಎಣ್ಣೆ ತಗ್ಗಿನಲ್ಲಿ ತುಂಬಿ, ಹಿಂದಕ್ಕೆ ಹರಿದು, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಿಂದ ತೊಟ್ಟಿಕ್ಕುತ್ತದೆ. ಇದನ್ನು ನೋಡಿ ಎಷ್ಟೋ ಗ್ಯಾರೇಜುಗಳಲ್ಲಿ ‘ಕ್ರ್ಯಾಂಕ್ ಹಿಂದಿನ ಸೀಲ್ ಹೋಗಿದೆ’ ಎಂದು ಗೇರ್‌ಬಾಕ್ಸ್ ಇಳಿಸಿಬಿಡುತ್ತಾರೆ. ಸೀಲ್ ಹಾಕಿದ ಮೇಲೂ ಸೋರಿಕೆ ಹಾಗೇ ಇರುತ್ತದೆ. ಕೂಲರಿನ ಸೀಲಿಗೆ ಹೆಚ್ಚು ದುಡ್ಡಿಲ್ಲ. ಅದನ್ನು ತಲುಪಲು ಟರ್ಬೊ, ಮ್ಯಾನಿಫೋಲ್ಡ್ ಎಲ್ಲ ಬಿಚ್ಚಬೇಕು, ಅದು ಎರಡು ದಿನದ ಕೆಲಸ, ಬಿಲ್ಲು ಬರುವುದು ಕೂಲಿಯಿಂದ. ಹಾಕಿಸುವಾಗ ಬಿಸಿ ತಡೆಯುವ ವೈಟಾನ್ ಸೀಲನ್ನೇ ಕೇಳಿ ಹಾಕಿಸಿ. ಎಲ್ಲ ಬಿಚ್ಚಿರುವಾಗಲೇ ಮ್ಯಾನಿಫೋಲ್ಡಿನ ಮಸಿ ತೆಗೆಸುವುದೂ ಗ್ಯಾಸ್ಕೆಟ್ ಬದಲಿಸುವುದೂ ಬುದ್ಧಿವಂತಿಕೆ.

ಇದೇ ಎಂಜಿನ್ನಿನ ಇನ್ನೊಂದು ಕಾಟವೆಂದರೆ ಸ್ವರ್ಲ್ ಮೋಟರ್. ಒಳಬರುವ ಗಾಳಿಯನ್ನು ಸುಳಿಯಾಗಿಸುವ ಫ್ಲ್ಯಾಪುಗಳನ್ನು ತಿರುಗಿಸುವ ಪುಟ್ಟ ಮೋಟರ್ ಅದು. ಟರ್ಬೊಗೆ ಗಾಳಿ ಹೋಗುವ ಕೊಳವೆಯ ಸೀಲ್ ಸಡಿಲವಾದರೆ ಎಣ್ಣೆಯ ಹನಿ ಬೀಳುವುದು ನೇರವಾಗಿ ಅದರ ತಲೆಯ ಮೇಲೆ. ಮೋಟರ್ ಸತ್ತರೆ ಚೆಕ್ ಎಂಜಿನ್ ದೀಪ ಹತ್ತುತ್ತದೆ, ಗಾಡಿ ಶಕ್ತಿ ಕಡಿಮೆ ಮಾಡಿಕೊಂಡು ತೆವಳುತ್ತದೆ. ನೂರಾರು ರೂಪಾಯಿಯ ಸೀಲನ್ನು ಸಕಾಲಕ್ಕೆ ಬದಲಿಸಿದ್ದರೆ ಈ ಖರ್ಚೇ ಬರುತ್ತಿರಲಿಲ್ಲ. ಅದಕ್ಕೇ ಹಳೆಯ ಬಿಲ್ಲುಗಳನ್ನು ಕೇಳಿ ಎನ್ನುವುದು.

ಒಎಂ 651 ಗಟ್ಟಿ ಎಂಜಿನ್, ಹಾಗೆಂದು ದೋಷವೇ ಇಲ್ಲವೆಂದಲ್ಲ. ಇದರ ಟೈಮಿಂಗ್ ಚೈನ್ (ಎಂಜಿನ್ನಿನ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿ) ಇರುವುದು ಹಿಂದೆ, ಗೇರ್‌ಬಾಕ್ಸ್ ಕಡೆ. ತಣ್ಣಗಿನ ಎಂಜಿನ್ ಶುರು ಮಾಡಿದಾಗ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಗಲಗಲ ಸದ್ದು ಹಿಂಬದಿಯಿಂದ ಬಂದರೆ ಚೈನ್ ಸವೆದಿದೆ ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿದೆ. ಮೊದಮೊದಲ ವರ್ಷಗಳ ಒಎಂ 651ರಲ್ಲಿ ಡೀಸೆಲ್ ಚಿಮ್ಮಿಸುವ ಪೀಜೊ ಇಂಜೆಕ್ಟರ್‌ಗಳು ತುಂಬ ತೊಂದರೆ ಕೊಟ್ಟಿದ್ದವು, 2016ರ ಹೊತ್ತಿಗೆ ಅದು ಮುಗಿದ ಕಥೆ. ನೋಡಬೇಕಾದದ್ದು ವಾಟರ್ ಪಂಪ್ ಸುತ್ತ ಕೂಲಂಟ್ ಒಣಗಿದ ಬಿಳಿ ಕಲೆ ಮತ್ತು ಟರ್ಬೊ ಕೊಳವೆಗಳ ಜೋಡಣೆಯಲ್ಲಿ ಎಣ್ಣೆಯ ತೇವ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ. ‘ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಮೊದಲೇ ಓಡಿಸಿದ್ದಾರೆ, ಇನ್ನೊಂದು ದಿನ ಬನ್ನಿ. ಏರ್ ಸಸ್ಪೆನ್ಷನ್ ಇರುವ ಗಾಡಿಯಾದರೆ ರಾತ್ರಿಯೆಲ್ಲ ನಿಂತದ್ದು ಯಾವ ಮೂಲೆಗೆ ಕುಸಿದಿದೆ ಎಂಬುದೂ ಆ ಹೊತ್ತಿನಲ್ಲೇ ಕಾಣುವುದು. ಶುರು ಮಾಡಿ ಸದ್ದು ಕೇಳಿ, ಹೊಗೆ ನೋಡಿ. ಅರ್ಧ ಗಂಟೆ ಓಡಿಸಿದ ಬಳಿಕ ಲಿಫ್ಟಿಗೆ ಏರಿಸಿ, ಅಡಿಯ ಕವರ್ ಬಿಚ್ಚಿಸಿ, ಎಂಜಿನ್–ಗೇರ್‌ಬಾಕ್ಸ್ ಕೂಡುವಲ್ಲಿ ಬೆರಳಿಟ್ಟು ನೋಡಿ. ಆಗಷ್ಟೇ ತೊಳೆದು ಹೊಳೆಯುವ ಎಂಜಿನ್ ಕಂಡರೆ ಸಂತೋಷಪಡಬೇಡಿ, ಅನುಮಾನಪಡಿ. ಸ್ಕ್ಯಾನರ್ ಹಾಕಿಸಿದಾಗ ಫಾಲ್ಟ್ ಕೋಡ್ ಇಲ್ಲವೆಂದು ಸುಮ್ಮನಾಗದೆ ಪ್ರತಿ ಇಂಜೆಕ್ಟರಿನ ತಿದ್ದುಪಡಿ ಅಂಕಿ ಓದಿಸಿ, ಒಂದು ಸಿಲಿಂಡರಿನದು ಮಾತ್ರ ಉಳಿದವಕ್ಕಿಂತ ತೀರ ಬೇರೆ ಇದ್ದರೆ ಅಲ್ಲಿ ಕೆಲಸ ಕಾದಿದೆ. ನಾಲ್ಕೂ ಟೈರು ಒಂದೇ ಬ್ರ್ಯಾಂಡ್, ಹೆಚ್ಚೂಕಡಿಮೆ ಒಂದೇ ಸವೆತ ಇರಬೇಕು. ಮುಂದೆ ಹೊಸದು ಹಿಂದೆ ಬೋಳು ಟೈರು ಹಾಕಿ ಓಡಿಸಿದ್ದರೆ ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಏಟು.

ನಮ್ಮ ತೀರ್ಮಾನ: ಹೊಸದರಲ್ಲಿ ಬಹಳ ದುಬಾರಿಯಾಗಿದ್ದ 350ಡಿ ಇಂದು 250ಡಿಯ ಬೆಲೆಗೇ ಬರುತ್ತಿದೆ ಎಂದರೆ ಹೆಚ್ಚಿನ ಓಟದ ಜೊತೆಗೆ ಮುಂದಿನ ರಿಪೇರಿಯನ್ನೂ ಮಾರುಕಟ್ಟೆ ಆಗಲೇ ಲೆಕ್ಕಕ್ಕೆ ಹಿಡಿದಿದೆ. ಕೂಲರ್ ಸೀಲ್ ಹಾಕಿಸಿದ ಬಿಲ್ಲು ಇದ್ದು, ಅಡಿಭಾಗ ಒಣಗಿದ್ದರೆ ನಿಮ್ಮ ಹೆದ್ದಾರಿ ಓಡಾಟಕ್ಕೆ 350ಡಿಯೇ ಹೆಚ್ಚು ಹಿತ. ಬಿಲ್ಲೂ ಇಲ್ಲ, ತೇವವೂ ಇದೆ ಎಂದರೆ 62,000 ಓಡಿದ 250ಡಿ ಹಿಡಿಯಿರಿ. ಯಾವುದೇ ಕೊಂಡರೂ ಮರ್ಸಿಡಿಸ್ ಒಪ್ಪಿಗೆಯ ಸಂಖ್ಯೆ 229.51 ಅಥವಾ 229.52 ಎಂದು ಡಬ್ಬದ ಮೇಲಿರುವ ಎಣ್ಣೆಯನ್ನೇ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಹಾಕಿಸಿ. ಚಿಕ್ಕದಕ್ಕೆ ಸುಮಾರು ಆರೂವರೆ ಲೀಟರ್, ದೊಡ್ಡದಕ್ಕೆ ಎಂಟು ಲೀಟರಿನಷ್ಟು ಹಿಡಿಯುತ್ತದೆ. ಇನ್ನೂ ಸ್ವಲ್ಪ ಹಣ ಹೊಂದಿಸಬಲ್ಲಿರಾದರೆ 2020ರಲ್ಲಿ ಬಂದ ಹೊಸ ತಲೆಮಾರಿನ 300ಡಿಯನ್ನೂ ಒಮ್ಮೆ ನೋಡಿ. ಅದರ ಎಂಜಿನ್ ಬರೀ 1950 ಸಿಸಿ, ಆದರೂ 245 ಅಶ್ವಶಕ್ತಿ. ಸಿಸಿ ಒಂದನ್ನೇ ನೋಡಿ ಎಂಜಿನ್ ತೂಗಬಾರದು ಎನ್ನಲು ಇದಕ್ಕಿಂತ ಉದಾಹರಣೆ ಬೇಡ.

ಪ್ರಶ್ನೆ: ಮನೆಯಿಂದ ಕಚೇರಿಗೆ 6 ಕಿ.ಮೀ. ಸಿಗ್ನಲ್ ಮೇಲೆ ಸಿಗ್ನಲ್. ದೊಡ್ಡ ಎಂಜಿನ್ ವ್ಯರ್ಥವೆಂದು 2 ಲೀಟರ್ ಡೀಸೆಲ್, ಬಿಎಸ್6 ಎಸ್‌ಯುವಿ ನೋಡುತ್ತಿದ್ದೇನೆ. ಸರಿಯೇ? (ಓದುಗರು, ಜಯನಗರ, ಬೆಂಗಳೂರು)

ಈ ಓಡಾಟಕ್ಕೆ ಡೀಸೆಲ್ಲೇ ಬೇಡ. ಎರಡು ಲೀಟರಿನದೂ ಬೇಡ, ಮೂರು ಲೀಟರಿನದೂ ಬೇಡ.

ಬಿಎಸ್6 ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಜರಡಿ ಇದೆ. ಅದು ಮಸಿ ಹಿಡಿದಿಡುತ್ತದೆ, ತುಂಬಿದಾಗ ಸುಟ್ಟುಕೊಳ್ಳುತ್ತದೆ. ಸುಡಲು ಹತ್ತಿರ ಹತ್ತಿರ 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಶಾಖಕ್ಕಾಗಿ ಎಂಜಿನ್ ಸ್ವಲ್ಪ ಡೀಸೆಲನ್ನು ತಡವಾಗಿ ಚಿಮ್ಮಿಸುತ್ತದೆ. ಕೆಲಸ ಮುಗಿಯಲು ತಡೆಯಿಲ್ಲದ 15–20 ನಿಮಿಷದ ಓಟ ಬೇಕು. ನಿಮ್ಮ 6 ಕಿ.ಮೀ.ಯಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಕಚೇರಿ ಬಂದಿರುತ್ತದೆ. ಅರ್ಧಕ್ಕೆ ನಿಂತ ಪ್ರತಿ ಸಲವೂ ಸುಡದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಎಣ್ಣೆಗೆ ಸೇರುತ್ತದೆ. ಹಳೆಯ ಗಾಡಿ ನೋಡುವಾಗ ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ಗರಿಷ್ಠ ಗೆರೆಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಆ ಗಾಡಿ ಹೀಗೇ ಬದುಕಿದೆ ಎಂದು ತಿಳಿಯಿರಿ. ತೆಳುವಾದ ಎಣ್ಣೆಯಿಂದ ಮೊದಲು ಸೊರಗುವುದು ಟರ್ಬೊ ಮತ್ತು ಬೇರಿಂಗು.

ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಬೂದಿ ತುಂಬಿದ ಡಿಪಿಎಫನ್ನು ಕಳಚಿ ತೊಳೆಸಬೇಕು ಅಥವಾ ಬದಲಿಸಬೇಕು. ‘ಒಳಗಿನದ್ದು ತೆಗೆದುಹಾಕಿ ಸಾಫ್ಟ್‌ವೇರ್ ಬದಲಿಸಿಕೊಡುತ್ತೇವೆ’ ಎನ್ನುವವರ ಮಾತು ಕೇಳಬೇಡಿ, ಅದು ಕಾನೂನುಬಾಹಿರ, ಆ ಹೊಗೆ ನಮ್ಮ ಮಕ್ಕಳೇ ಕುಡಿಯುವುದು. ಪೆಟ್ರೋಲ್ ಅಥವಾ ಪೆಟ್ರೋಲ್ ಹೈಬ್ರಿಡ್ ನೋಡಿ.

(ಬಿಎಸ್4 ಡೀಸೆಲ್‌ಗಳಲ್ಲಿ ಕೆಲವಕ್ಕೆ ಡಿಪಿಎಫ್ ಇದೆ, ಕೆಲವಕ್ಕೆ ಇಲ್ಲ. ಚಾಸಿ ಸಂಖ್ಯೆ ಕೊಟ್ಟು ಕಂಪನಿಯ ಬಿಡಿಭಾಗ ವಿಭಾಗದಲ್ಲಿ ಕೇಳಿದರೆ ಖಚಿತವಾಗುತ್ತದೆ.)

ಪ್ರಶ್ನೆ: 3 ಲೀಟರ್ ಎಂಜಿನ್‌ಗೆ ವಿಮೆ, ತೆರಿಗೆ ಹೆಚ್ಚು ಎನ್ನುತ್ತಾರೆ. ನಿಜವೇ? (ಓದುಗರು, ದಾವಣಗೆರೆ)

ಥರ್ಡ್ ಪಾರ್ಟಿ ವಿಮೆಯ ದರದಲ್ಲಿ ಕಾರುಗಳಿಗೆ ಮೂರೇ ವರ್ಗ: 1000 ಸಿಸಿವರೆಗೆ, 1000ದಿಂದ 1500, 1500 ಮೀರಿದ್ದು. 2 ಲೀಟರೂ 3 ಲೀಟರೂ ಕೊನೆಯ ವರ್ಗಕ್ಕೇ ಬೀಳುತ್ತವೆ. 2022ರ ಜೂನ್‌ನಲ್ಲಿ ಜಾರಿಯಾದ ದರಪಟ್ಟಿಯಲ್ಲಿ ಅದು 7,897 ರೂ. ಸ್ವಂತ ಹಾನಿಯ ವಿಮೆ ಗಾಡಿಯ ಘೋಷಿತ ಮೌಲ್ಯದ ಮೇಲೆ ಏರುತ್ತದೆ. ಕರ್ನಾಟಕದಲ್ಲಿ ಖಾಸಗಿ ಕಾರಿನ ಜೀವಿತಾವಧಿ ತೆರಿಗೆ ಬೆಲೆಯ ಮೇಲಿದೆ, ಸಿಸಿ ಮೇಲಿಲ್ಲ. ಕರ್ನಾಟಕದಲ್ಲೇ ನೋಂದಣಿಯಾದ ಗಾಡಿ ಕೊಂಡರೆ ಅದನ್ನು ಮತ್ತೆ ಕಟ್ಟಬೇಕಿಲ್ಲ.

ಪ್ರಶ್ನೆ: ದೆಹಲಿ ನೋಂದಣಿಯ 3 ಲೀಟರ್ ಡೀಸೆಲ್ ಎಸ್‌ಯುವಿ ಇಲ್ಲಿಯ 2 ಲೀಟರ್ ಬೆಲೆಗಿಂತ ಕಡಿಮೆಗೆ ಸಿಗುತ್ತಿದೆ. ತರಬಹುದೇ? (ಓದುಗರು, ಹುಬ್ಬಳ್ಳಿ)

ಅಗ್ಗವಾಗಿರುವುದಕ್ಕೆ ಕಾರಣವಿದೆ. ದೆಹಲಿ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್ ಗಾಡಿ ಓಡಿಸಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಏಳೆಂಟು ವರ್ಷ ತುಂಬಿದ ಡೀಸೆಲ್‌ಗೆ ಅಲ್ಲಿ ಗಿರಾಕಿ ಕಡಿಮೆಯಾಯಿತು. ಎಂಜಿನ್ ಗಾತ್ರಕ್ಕೂ ಅಲ್ಲೊಂದು ಇತಿಹಾಸವಿದೆ: 2015ರ ಡಿಸೆಂಬರ್‌ನಿಂದ 2016ರ ಆಗಸ್ಟ್‌ವರೆಗೆ 2000 ಸಿಸಿ ಮತ್ತು ಮೇಲ್ಪಟ್ಟ ಡೀಸೆಲ್ ಕಾರುಗಳ ಹೊಸ ನೋಂದಣಿಯನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸಿತ್ತು, ಆಮೇಲೆ ಶೇ 1ರಷ್ಟು ಹಸಿರು ಸುಂಕ ವಿಧಿಸಿ ಬಿಟ್ಟಿತು. ಮಹೀಂದ್ರ ಕಂಪನಿ 1.99 ಲೀಟರಿನ ಎಂಜಿನ್ ತಂದದ್ದು ಆಗಲೇ. ಆದ್ದರಿಂದ 3 ಲೀಟರ್ ಗಾಡಿಯ ಆರ್‌ಸಿಯಲ್ಲಿ ದೆಹಲಿಯಲ್ಲಿ ಮೊದಲ ನೋಂದಣಿ ಆ ಎಂಟು ತಿಂಗಳೊಳಗಿನ ದಿನಾಂಕದಲ್ಲಿದ್ದರೆ ಕಾಗದಪತ್ರ ಎರಡು ಸಲ ಪರಿಶೀಲಿಸಿ.

ತಂದ ಮೇಲಿನ ಖರ್ಚು ಮೊದಲೇ ಕೂಡಿಸಿ. ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು. ಸಾಲವಿದ್ದರೆ ಬ್ಯಾಂಕಿನಿಂದ ಫಾರಂ 35, ಹೆಸರು ಬದಲಾವಣೆಗೆ 29 ಮತ್ತು 30, ಇಲ್ಲಿಯ ಹೊಸ ಸಂಖ್ಯೆಗೆ 27. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಮರುನೋಂದಣಿ ಕಡ್ಡಾಯ. ಇಲ್ಲಿಯ ಜೀವಿತಾವಧಿ ತೆರಿಗೆಯನ್ನು ಗಾಡಿ ಹೊಸದಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕಷ್ಟು ಇಳಿಸಿ ಹಾಕುತ್ತಾರೆ. ನೀವು ಕೊಂಡ ಬೆಲೆ ಅಲ್ಲಿ ಲೆಕ್ಕಕ್ಕಿಲ್ಲ. 70–80 ಲಕ್ಷದ ಗಾಡಿಗೆ ಅದು ಹಲವು ಲಕ್ಷ. ಲಾರಿ ಸಾಗಾಟವನ್ನೂ ಸೇರಿಸಿದರೆ ಎಷ್ಟೋ ಸಲ ಲಾಭ ಸೊನ್ನೆಗೆ ಬಂದು ನಿಲ್ಲುತ್ತದೆ. ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಗಾಡಿ ನೀರಿನಲ್ಲಿ ಮುಳುಗಿತ್ತೇ ಎಂದು ತಿಳಿಯಲು ಹಿಂದಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ.

ಪ್ರಶ್ನೆ: ಚಾರ್ಮಾಡಿ ದಾರಿಯಲ್ಲಿ ಓಡಾಟ ಹೆಚ್ಚು. 2013ರ ಬಿಎಂಡಬ್ಲ್ಯು ಎಕ್ಸ್3 20ಡಿ, ಅದೇ ವರ್ಷದ 30ಡಿ ಎರಡೂ ಸಿಗುತ್ತಿವೆ. ಮನೆಯಲ್ಲಿ ಹಳೆಯ ಫಾರ್ಚುನರ್ 3.0 ಕೂಡ ಇದೆ, ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ? (ಓದುಗರು, ಚಿಕ್ಕಮಗಳೂರು)

20ಡಿ 1995 ಸಿಸಿ, 184 ಅಶ್ವಶಕ್ತಿ, 380 ನ್ಯೂಟನ್ ಮೀಟರ್. ಎಕ್ಸ್3 ಜಿಎಲ್‌ಇಗಿಂತ ಬಹಳ ಹಗುರ, ಹಾಗಾಗಿ ಚಾರ್ಮಾಡಿಯ ತಿರುವುಗಳಿಗೆ ಇದು ಧಾರಾಳ ಸಾಕು. ಆದರೆ 2013ರ ಈ ಎಂಜಿನ್ ಎನ್47. ಹಿಂಬದಿಯ ಟೈಮಿಂಗ್ ಚೈನ್ ಸವೆದು ತುಂಡಾಗುವ ಕೆಟ್ಟ ಹೆಸರು ಈ ಎಂಜಿನ್ನಿನದು. 2011ಕ್ಕೆ ಮುಂಚಿನವುಗಳಲ್ಲಿ ಹೆಚ್ಚು, ಆದರೂ 2013ರದೆಂದು ಕೇಳದೆ ಬಿಡುವ ಹಾಗಿಲ್ಲ. ತಣ್ಣಗಿರುವಾಗ ಶುರು ಮಾಡಿ, 1500ರಿಂದ 2000 ಆರ್‌ಪಿಎಂನಲ್ಲಿ ಹಿಡಿದು, ಎಂಜಿನ್ನಿನ ಹಿಂಭಾಗಕ್ಕೆ ಕಿವಿಯಿಡಿ. ಸರಪಳಿ ಉಜ್ಜಿದ ಹಾಗೆ ಸದ್ದು ಬಂದರೆ ಬೆಲೆ ಎಷ್ಟೇ ಇಳಿಸಲಿ, ಕೊಳ್ಳಬೇಡಿ. ಚೈನ್ ಬದಲಿಸಬೇಕೆಂದರೆ ಎಂಜಿನ್ ಇಲ್ಲವೇ ಗೇರ್‌ಬಾಕ್ಸ್ ಇಳಿಸಲೇಬೇಕು. 2014ರ ಬದಲಾವಣೆಯ ನಂತರದ 190 ಅಶ್ವಶಕ್ತಿಯ 20ಡಿಯಲ್ಲಿ ಹೊಸ ಬಿ47 ಎಂಜಿನ್ ಇದೆ. ಚಿಕ್ಕದೇ ಬೇಕೆಂದರೆ ಒಂದು ವರ್ಷ ಹೊಸದಾದ ಅದನ್ನೇ ಹುಡುಕಿ. 30ಡಿಯ ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿವೆ, 258 ಅಶ್ವಶಕ್ತಿ, 560 ನ್ಯೂಟನ್ ಮೀಟರ್. ವಿ6ನಂತೆ ನಡುವಿನ ತಗ್ಗಿಲ್ಲ, ಕೈ ಹಾಕಲು ಜಾಗವಿದೆ. ಚೈನ್ ಇದರಲ್ಲೂ ಹಿಂದೆಯೇ ಇದ್ದರೂ ಎನ್47ರಷ್ಟು ಕಾಡಿಲ್ಲ. ನೀವು ಹೇಳಿದ ಎರಡರಲ್ಲಿ ನಾವು 30ಡಿಯ ಪಕ್ಷ.

ಎರಡಕ್ಕೂ ಇರುವುದು ಝಡ್‌ಎಫ್ ಕಂಪನಿಯ ಎಂಟು ಗೇರಿನ ಪೆಟ್ಟಿಗೆ. ಇದರ ಎಣ್ಣೆ ಜೀವಮಾನಕ್ಕೆಲ್ಲ ಸಾಕೆಂದು ಕಾರಿನ ಕಂಪನಿ ಹೇಳಿದರೂ ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಹೇಳುವುದು 80,000ದಿಂದ 1,20,000 ಕಿ.ಮೀ.ಗೆ ಬದಲಿಸಿ ಎಂದು. ತಯಾರಿಸಿದವರ ಮಾತೇ ನಂಬಿ. ಫಿಲ್ಟರ್ ಪ್ಲಾಸ್ಟಿಕ್ ತಟ್ಟೆಯೊಳಗೇ ಕೂಡಿಕೊಂಡಿದೆ, ತಟ್ಟೆ ಸಮೇತ ಬದಲಿಸಬೇಕು. ಎಂಜಿನ್ ಚಾಲೂ ಇಟ್ಟು, ಎಣ್ಣೆಯ ಶಾಖ 30ರಿಂದ 50 ಡಿಗ್ರಿ ಇರುವಾಗಲೇ ಮಟ್ಟ ನೋಡಬೇಕು. ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಫಾರ್ಚುನರ್ ಮಾರಬೇಡಿ. ತೋಟದ ದಾರಿಗೆ ಎಕ್ಸ್3 ಒಗ್ಗದು. ಫಾರ್ಚುನರ್‌ನ 1ಕೆಡಿ ಎಂಜಿನ್ನಿನಲ್ಲಿ ಇರುವುದು ಚೈನಲ್ಲ, ಟೈಮಿಂಗ್ ಬೆಲ್ಟ್. 1,50,000 ಕಿ.ಮೀ.ಗೆ ಬದಲಿಸಿದ್ದಾರೆಯೇ ನೋಡಿ. ಇಂಜೆಕ್ಟರ್ ಅಡಿಯ ತಾಮ್ರದ ವಾಷರ್ ಸೋರಿದರೆ ಮಸಿ ಎಣ್ಣೆಗಿಳಿದು ಸಂಪಿನ (ಎಂಜಿನ್ ಅಡಿಯ ಎಣ್ಣೆ ತೊಟ್ಟಿಯ) ಜಾಲರಿ ಕಟ್ಟಿಕೊಳ್ಳುತ್ತದೆ, ಎಣ್ಣೆ ಒತ್ತಡ ಬಿದ್ದರೆ ಎಂಜಿನ್ ಹೋಯಿತೆಂದೇ ಲೆಕ್ಕ. ಎಣ್ಣೆ ಬದಲಿಸಿದ ಎರಡೇ ದಿನಕ್ಕೆ ಕಾಡಿಗೆಯಂತೆ ಕಪ್ಪಾಗಿ ಗಟ್ಟಿಯಾಗುತ್ತಿದ್ದರೆ ವಾಷರುಗಳನ್ನು ಕೂಡಲೇ ಬದಲಿಸಿ, ಸಂಪ್ ಇಳಿಸಿ ಜಾಲರಿ ತೊಳೆಸಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಕೆಲಸ. ಹಳೆಯ ಬಿಎಂಡಬ್ಲ್ಯು ಎಕ್ಸ್5 25ಡಿ ಅಥವಾ 30ಡಿ ಕೊಳ್ಳಬೇಕೆಂದಿದ್ದೇನೆ. ಲಂಡನ್ನಿಗೆ ಆಗಾಗ ಹೋಗಬೇಕು. (ಓದುಗರು, ಸ್ಲೌ)

ನಿಮಗೆ ಮೊದಲ ಪ್ರಶ್ನೆ ಎಂಜಿನ್ ಗಾತ್ರದ್ದಲ್ಲ, ಯುರೋಪಿನ ಹೊಗೆ ಮಾನದಂಡವಾದ ಯೂರೊ 6ರದ್ದು. ಲಂಡನ್ನಿನ ಯುಲೆಝ್ (ಹೆಚ್ಚು ಹೊಗೆಯ ಗಾಡಿಗಳಿಗೆ ಶುಲ್ಕ ಹಾಕುವ ವಲಯ) 2023ರ ಆಗಸ್ಟ್ 29ರಿಂದ ನಗರದ ಎಲ್ಲ ಬರೋಗಳಿಗೂ (ಆಡಳಿತ ವಿಭಾಗಗಳಿಗೂ) ಹಬ್ಬಿದೆ. ಯೂರೊ 6 ಅಲ್ಲದ ಡೀಸೆಲ್ ಕಾರಿಗೆ ದಿನಕ್ಕೆ 12.50 ಪೌಂಡ್ ಕಟ್ಟಬೇಕು. ಹೊಸ ಕಾರುಗಳಿಗೆ ಯೂರೊ 6 ಕಡ್ಡಾಯವಾದದ್ದು 2015ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮುಂಚಿನ ಗಾಡಿಯಾದರೆ ನೋಂದಣಿ ಸಂಖ್ಯೆಯನ್ನು ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಜಾಲತಾಣದಲ್ಲಿ ಹಾಕಿ ನೋಡಿ.

ಆಮೇಲೆ ಎಂಜಿನ್. 25ಡಿ ನಾಲ್ಕು ಸಿಲಿಂಡರಿನ 2 ಲೀಟರ್. ಎರಡು ಟನ್ನಿನ ಎಕ್ಸ್5 ಎಳೆಯಲು ಅದು ಬಹುಪಾಲು ಹೊತ್ತು ಬೆವರು ಸುರಿಸಬೇಕು. ಮೋಟರ್‌ವೇ ಓಡಾಟವಿದ್ದರೆ 30ಡಿ ಅದೇ ವೇಗವನ್ನು ಕಡಿಮೆ ಶ್ರಮದಲ್ಲಿ ಹಿಡಿಯುತ್ತದೆ, ಮೈಲೇಜಿನ ಅಂತರವೂ ಅಲ್ಲಿ ಕುಗ್ಗುತ್ತದೆ. ಈ ಎಂಜಿನ್‌ಗಳಲ್ಲಿ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ತಣಿಸುವ ಭಾಗ) ಒಳಗೆ ಕೂಲಂಟ್ ಸೋರಿ, ಮಸಿಯೊಂದಿಗೆ ಸೇರಿ ಹೊತ್ತಿಕೊಳ್ಳುವ ಅಪಾಯ ಕಂಡದ್ದರಿಂದ ಬಿಎಂಡಬ್ಲ್ಯು 2018ರಲ್ಲಿ ದೊಡ್ಡ ಪ್ರಮಾಣದಲ್ಲಿ ಗಾಡಿಗಳನ್ನು ಹಿಂದೆ ಕರೆಸಿತ್ತು. ನೀವು ನೋಡುವ ಗಾಡಿಗೆ ಆ ಕೆಲಸ ಬಾಕಿ ಇದೆಯೇ ಎಂದು ಸರ್ಕಾರದ ರೀಕಾಲ್ ಪುಟದಲ್ಲಿ ನೋಡಿ. ಎಂಒಟಿ (ಅಲ್ಲಿಯ ವಾರ್ಷಿಕ ಗಾಡಿ ತಪಾಸಣೆ) ಇತಿಹಾಸದಲ್ಲಿ ಪ್ರತಿ ವರ್ಷದ ಮೈಲಿ ಅಂಕಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ವರ್ಷಕ್ಕೆ 3000 ಮೈಲಿಯಷ್ಟೇ ಓಡಿದ ಡೀಸೆಲ್ ಕಂಡರೆ ‘ಕಡಿಮೆ ಓಡಿದೆ’ ಎಂದು ಹಿಗ್ಗಬೇಡಿ. ಅದು ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದ ಗಾಡಿಯಾಗಿರಬಹುದು, ಅದರ ಡಿಪಿಎಫ್ ಬಗ್ಗೆ ಜಯನಗರದ ಓದುಗರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ.